ಕೈ ಕಲಿಯಬೇಕಾದ ದಾನ

ಆಹಾರದಾನ, ಔಷಧದಾನ, ಶಾಸ್ತ್ರದಾನ, ಅಭಯದಾನ. ಈ ನಾಲ್ಕು ದಾನಗಳ ಹೆಸರು ನಮ್ಮ ಮನೆಗಳಲ್ಲಿ ಪಾಠಶಾಲೆಗೆ ಹೋಗುವ ಮಕ್ಕಳಿಗೂ ಬಾಯಿಪಾಠ. ವ್ಯಾಪಾರಸ್ಥರಾದ ನಮಗೆ ಇವುಗಳಲ್ಲಿ ಔಷಧದಾನ ತುಸು ಹೆಚ್ಚು ಅನುಕೂಲದ್ದು ಎಂದರೆ ಓದುಗ ಬಂಧುಗಳು ಮುನಿಯಬಾರದು. ಚೆಕ್ ಬರೆದುಕೊಟ್ಟರೆ ಮುಗಿಯಿತು. ರಸೀದಿ ಬರುತ್ತದೆ. ಮುಂದಿನ ವರ್ಷ ಆಸ್ಪತ್ರೆಯ ಗೋಡೆಯ ಮೇಲಿನ ಹಾಲುಗಲ್ಲಿನ ಫಲಕದಲ್ಲಿ ಮನೆತನದ ಹೆಸರು ಕಾಣುತ್ತದೆ. ಅಂಥ ಎರಡು ಫಲಕಗಳಲ್ಲಿ ನಮ್ಮ ಹೆಸರೂ ಇದೆ. ಅದನ್ನು ಹೇಳಿಕೊಳ್ಳಲು ಈ ಲೇಖನ ಬರೆಯುತ್ತಿಲ್ಲ. ಅಷ್ಟು ದಾನ ಮಾಡಿಯೂ ನಾವು ಏನನ್ನು ಕಲಿತಿರಲಿಲ್ಲ, ಅದನ್ನು ಯಾರಿಂದ ಕಲಿತೆವು ಎಂಬುದನ್ನು ಹೇಳಬೇಕಾಗಿದೆ.

ನಾವು ಎಂದರೆ ಗಂಡ ಹೆಂಡತಿ ಇಬ್ಬರು. ನಮ್ಮ ಮೂಲ ಜತ್ತ ತಾಲೂಕಿನ ಒಂದು ಹಳ್ಳಿ. ಅಜ್ಜನವರ ಕಾಲಕ್ಕೆ ಸೊಲ್ಲಾಪುರಕ್ಕೆ ಬಂದು ನೆಲೆನಿಂತವರು. ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ, ಕಡಲೆ, ಜೋಳದ ಅಡತಿ ಅಂಗಡಿ ಇದೆ. ಅಂಗಡಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಮನೆಗೆ ಹಿರಿಯರಾಗಿ ನಮ್ಮಲ್ಲೊಬ್ಬರಿಗೆ ತಾಯಿಯೂ ಇನ್ನೊಬ್ಬರಿಗೆ ಅತ್ತೆಯೂ ಆದವರೊಬ್ಬರು ಇದ್ದರು. ಮಕ್ಕಳು ಕರೆಯುವಂತೆ ಎಲ್ಲರೂ ಅವರನ್ನು ಆಯಿ ಎಂದೇ ಕರೆಯುತ್ತಿದ್ದೆವು. ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದವರು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿಯೂ ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದವರು.

2017ರ ದೀಪಾವಳಿ ಕಳೆದು ಹದಿನೈದು ದಿನಕ್ಕೆ ಆಯಿಗೆ ಲಕ್ವಾ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ತೊದಲಿತು. ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡು, ಇನ್ನು ಮನೆಯಲ್ಲಿಯೇ ಆರೈಕೆ ಮಾಡಿರಿ ಎಂದು ಕಳಿಸಿದರು. ನಾವು ಹಣಕ್ಕೆ ಹಿಂದೆಮುಂದೆ ನೋಡಲಿಲ್ಲ. ಹೊಸ ಮಂಚ ಬಂತು, ಹೊಸ ಗಾದಿ ಬಂತು, ಹಗಲಿಗೊಬ್ಬಳು ರಾತ್ರಿಗೊಬ್ಬಳು ಆಯಾ ಬಂದರು. ಎರಡು ತಿಂಗಳಲ್ಲಿ ನಾಲ್ಕು ಜನ ಬಂದು ಬಿಟ್ಟುಹೋದರು. ನಾವು ದಿನಕ್ಕೆ ಹತ್ತು ಸಲ ಬಾಗಿಲಲ್ಲಿ ನಿಂತು, "ಆಯಿ, ಹೆಂಗದೀರಿ?" ಎಂದು ಕೇಳುತ್ತಿದ್ದೆವು. ಬಾಗಿಲು ದಾಟಿ ಒಳಗೆ ಹೋಗುವುದು ಕಡಿಮೆಯಾಗುತ್ತ ಬಂತು. ಕಾರಣ ಬರೆಯಲು ನಾಚಿಕೆ, ಆದರೂ ಬರೆಯುತ್ತೇವೆ. ಕೋಣೆಯ ವಾಸನೆ ನಮಗೆ ಸಹಿಸಲಾಗುತ್ತಿರಲಿಲ್ಲ. ಬಟ್ಟೆ ಬದಲಿಸುವಾಗ ಸೊಸೆಯಾದವರು ಮೂಗಿಗೆ ಸೆರಗು ಹಿಡಿಯುತ್ತಿದ್ದರು. ಮಗನಾದವರು ಆ ಹೊತ್ತಿಗೆ ಅಂಗಡಿಗೆ ಹೊರಡುತ್ತಿದ್ದರು. ಡಿಸೆಂಬರ್ ಮುಗಿಯುವಷ್ಟರಲ್ಲಿ ಆಯಿಯ ಬೆನ್ನಿನ ಕೆಳಗೆ, ಟೊಂಕದ ಹತ್ತಿರ, ರೂಪಾಯಿಯಗಲದ ಹುಣ್ಣು ಎದ್ದಿತು.

ಅದನ್ನು ಮೊದಲು ಕಂಡವಳು ನಮ್ಮ ಮಗಳು. ಆಗ ಹನ್ನೆರಡನೆಯ ಇಯತ್ತೆಯಲ್ಲಿದ್ದಳು. ಕಾಲೇಜಿನಿಂದ ಬಂದವಳು ಚೀಲ ಇಟ್ಟು ನೇರವಾಗಿ ಆಯಿಯ ಕೋಣೆಗೆ ಹೋಗುತ್ತಿದ್ದಳು. ಅವಳೇ ಒರೆಸುವಳು, ಅವಳೇ ತಲೆ ಬಾಚುವಳು. ಪರೀಕ್ಷೆ ಹತ್ತಿರ ಬಂತು, ಅಭ್ಯಾಸ ಮಾಡು ಎಂದು ನಾವು ಬೈಯುತ್ತಿದ್ದೆವು. ಒಂದು ರಾತ್ರಿ ಅವಳು, "ನಾ ನರ್ಸಿಂಗ್ ಕಲೀತೀನಿ" ಎಂದಳು. ಮನೆಯಲ್ಲಿ ಮೌನ. ಆಮೇಲೆ ನಾವಿಬ್ಬರೂ ಒಬ್ಬರ ಮಾತಿಗೆ ಒಬ್ಬರು ಮಾತು ಸೇರಿಸಿ ಹೇಳಿದೆವು: ಬಿ.ಕಾಂ. ಮಾಡು, ಫಾರ್ಮಸಿ ಮಾಡು, ಬೇಕಾದ್ದು ಮಾಡು. ಕಂಡವರ ಮೈ ತೊಳೆಯುವ ಕೆಲಸ ನಮ್ಮ ಮನೆತನದ ಹುಡುಗಿಗೆ ಯಾಕೆ? ನಾಳೆ ಸಂಬಂಧ ಕೇಳಲು ಬಂದವರು ಏನಂದಾರು? ಆಸ್ಪತ್ರೆಗೆ ಇನ್ನೊಂದು ಮಂಚ ಕೊಡೋಣ ಬೇಕಾದರೆ.

ಅವಳು ಸಿಟ್ಟಾಗಲಿಲ್ಲ. "ಮಂಚ ಕೊಡ್ತೀರಿ. ಮಂಚದ ಮ್ಯಾಲೆ ಮಲಗಿದವ್ರನ್ನ ಯಾರು ನೋಡಬೇಕು, ಅಪ್ಪಾ?" ಎಂದಳು. ನಮ್ಮ ಹತ್ತಿರ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಹಿರಿಯರು ಮಾಡುವುದನ್ನೇ ಮಾಡಿದೆವು. ಆ ವಿಷಯ ಇನ್ನು ಎತ್ತಬೇಡ ಎಂದೆವು.

ಅದೇ ದಿನಗಳಲ್ಲಿ ನಮ್ಮ ಅಂಗಡಿಯ ಹಮಾಲರೊಬ್ಬರ ವಿಚಾರವೂ ತಲೆಯಲ್ಲಿತ್ತು. ಮೂವತ್ತು ವರ್ಷ ನಮ್ಮ ಚೀಲ ಹೊತ್ತವರು. ಮಕ್ಕಳು ಮಾಮಾ ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯದೆ, ಆ ವರ್ಷದ ಮಳೆಗಾಲದಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಬಿಲ್ಲು ನಾವೇ ಕಟ್ಟಿದ್ದೆವು. ಜಾಮಖೇಡದ ದವಾಖಾನೆಯಲ್ಲಿ ಜಯಪುರ ಮಾದರಿಯ ಕಾಲು ಮಾಡಿಕೊಡುತ್ತಾರೆ ಎಂದು ಬಾರ್ಶಿಯ ವ್ಯಾಪಾರಿಯೊಬ್ಬರು ಹೇಳಿದರು. ಜಯಪುರ ಕಾಲಿನ ಹೆಸರು ನಮ್ಮ ಸಮಾಜಕ್ಕೆ ಹೊಸದಲ್ಲ. 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ. ಕೆ. ಸೇಠಿ ಅವರು ರೂಪಿಸಿದ ಈ ಕಾಲನ್ನು ಬಡವರ ಮನೆಮನೆಗೆ ಮುಟ್ಟಿಸಿದ್ದು, 1975ರಲ್ಲಿ ಡಿ. ಆರ್. ಮೆಹತಾ ಅವರು ಕಟ್ಟಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ. ಈ ಕಾಲು ಹಾಕಿಕೊಂಡು ನೆಲದ ಮೇಲೆ ಕೂರಬಹುದು, ಚಪ್ಪಲಿಯಿಲ್ಲದೆ ಹೊಲದಲ್ಲಿ ನಡೆಯಬಹುದು.

2018ರ ಜನವರಿಯಲ್ಲಿ, ಮಗಳನ್ನು ಆಯಿಯ ಹತ್ತಿರ ಬಿಟ್ಟು, ಮಾಮಾ ಮತ್ತು ಅವರ ಹೆಂಡತಿಯನ್ನು ಕೂಡಿಸಿಕೊಂಡು ಹೊರಟೆವು. ಬಾರ್ಶಿ ದಾಟಿ, ಭೂಮ್ ಮೇಲೆ ಖರ್ಡಾ, ಮುಂದೆ ಜಾಮಖೇಡ. ಅಹ್ಮದನಗರ ಜಿಲ್ಲೆಯ (ಈಗ ಅದರ ಹೆಸರು ಅಹಿಲ್ಯಾನಗರ) ಮಳೆ ಕಡಿಮೆಯ ಸೀಮೆ. ಬುತ್ತಿಗೆ ಖಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಸೋಸಿದ ನೀರಿನ ಕ್ಯಾನು ನಮ್ಮ ಜೊತೆಗಿತ್ತು. ಉಳಿದುಕೊಳ್ಳಲು ಪರಿಚಯದ ವ್ಯಾಪಾರಿಗಳ ಮನೆಯಿತ್ತು.

ಜಾಮಖೇಡದ ಆ ಕೆಲಸದ ಕಥೆ ದೊಡ್ಡದು. ವೆಲ್ಲೂರಿನಲ್ಲಿ ವೈದ್ಯಕೀಯ ಕಲಿತ ಡಾ. ರಜನಿಕಾಂತ ಆರೋಳೆ ಮತ್ತು ಅವರ ಪತ್ನಿ ಡಾ. ಮೇಬೆಲ್ ಆರೋಳೆ 1970ರಲ್ಲಿ ಅಲ್ಲಿಗೆ ಬಂದರು. ಆಗ ಆ ಹಳ್ಳಿಗಳಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 176 ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಕಲಿತ ದಾದಿಯರನ್ನು ಹಳ್ಳಿಯಲ್ಲಿ ಇರಿಸಿ ನೋಡಿದರು, ಅದು ಕೈಗೂಡಲಿಲ್ಲ. ಆಗ ಹಳ್ಳಿಯವರೇ ಆರಿಸಿಕೊಟ್ಟ ಹೆಂಗಸರಿಗೆ ಕಲಿಸತೊಡಗಿದರು. ಹೆಚ್ಚಿನವರು ಬಡವರು, ಅನೇಕರು ದಲಿತರು, ಅಕ್ಷರ ಬಾರದವರು. ವಾರಕ್ಕೊಮ್ಮೆ ಜಾಮಖೇಡಕ್ಕೆ ಬಂದು ಕಲಿತು, ಊರಿಗೆ ಹೋಗಿ ಮಾಡುವುದು. ಆರಂಭದಲ್ಲಿ ಬೇರೆ ಬೇರೆ ಜಾತಿಯ ಈ ಹೆಂಗಸರು ಒಬ್ಬರಿಂದೊಬ್ಬರು ದೂರ ಮಲಗುತ್ತಿದ್ದರಂತೆ. ಎಲ್ಲರಿಗೂ ಸೇರಿ ಒಂದೇ ದೊಡ್ಡ ಹೊದಿಕೆ ಹೊಲಿಸಿಕೊಟ್ಟರಂತೆ. ಚಳಿ ತಡೆಯಬೇಕಾದರೆ ಹತ್ತಿರ ಸರಿಯಲೇಬೇಕು. ಎರಡು ದಶಕಗಳಲ್ಲಿ ಆ 176ರ ಲೆಕ್ಕ ಮೂವತ್ತಕ್ಕಿಂತ ಕೆಳಗೆ ಇಳಿಯಿತು. ಆರೋಳೆ ದಂಪತಿಗೆ 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೇಬೆಲ್ ಅವರು 1999ರಲ್ಲಿ, ರಜನಿಕಾಂತ ಅವರು 2011ರಲ್ಲಿ ತೀರಿಕೊಂಡರು. ಕೆಲಸವನ್ನು ಅವರ ಮಗಳು ಮುಂದುವರಿಸಿದರು.

ನಾವು ಹೋದಾಗ ಅಲ್ಲಿ ನಾಲ್ವರು ವಿದೇಶಿ ಹುಡುಗಿಯರು ಓಡಾಡುತ್ತಿದ್ದರು. ಪಂಜಾಬಿ ಡ್ರೆಸ್, ಹಿಂದಕ್ಕೆ ಬಿಗಿದು ಕಟ್ಟಿದ ಕೂದಲು. ವಿಚಾರಿಸಿದರೆ ಆಸ್ಟ್ರೇಲಿಯಾದ ನರ್ಸಿಂಗ್ ವಿದ್ಯಾರ್ಥಿನಿಯರು, ಇಪ್ಪತ್ತು ಇಪ್ಪತ್ತೊಂದರ ವಯಸ್ಸು. ಅಲ್ಲಿ ಆಗ ಬೇಸಿಗೆ ರಜೆ. ಮೂರು ವಾರ ಇಲ್ಲಿ ಕೆಲಸ ಮಾಡಿ ಕಲಿಯಲು ಬಂದಿದ್ದರು. ವಿಮಾನದ ಟಿಕೇಟು ಅವರದೇ, ಇಲ್ಲಿ ಇದ್ದು ಕಲಿಯುವ ಶುಲ್ಕವೂ ಅವರದೇ. ವ್ಯಾಪಾರಸ್ಥರಾದ ನಮಗೆ ಇದು ತಲೆಗೆ ಹತ್ತಲಿಲ್ಲ. ದುಡ್ಡು ಕೊಟ್ಟು ಚಾಕರಿ ಮಾಡುವ ವ್ಯವಹಾರವನ್ನು ನಾವು ಯಾವ ಕೀರ್ದಿಯಲ್ಲಿಯೂ ಬರೆದವರಲ್ಲ.

ಮಾಮಾನ ಸರದಿಗೆ ಕಾಯುತ್ತ ವಾರ್ಡಿನ ವರಾಂಡದಲ್ಲಿ ಕುಳಿತಿದ್ದೆವು. ಕಿಟಕಿಯ ಆಚೆ ಒಬ್ಬ ಮುದುಕಿ ಮಲಗಿದ್ದರು. ಲಕ್ವಾ ಹೊಡೆದವರು, ನಮ್ಮ ಆಯಿಯಂತೆಯೇ. ಅವರ ಹತ್ತಿರ ಆ ಹುಡುಗಿಯರಲ್ಲೊಬ್ಬಳು, ಮತ್ತು ಅರವತ್ತು ದಾಟಿದ, ಕಚ್ಚೆ ಸೀರೆಯ ಒಬ್ಬ ಹಳ್ಳಿಯ ಹೆಂಗಸು. ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದರು. ಹಳ್ಳಿಯ ಆರೋಗ್ಯ ಸೇವಕಿ, ಎಷ್ಟೋ ವರ್ಷಗಳಿಂದ ಅಲ್ಲಿ ಕಲಿತವರು, ಕಲಿಸುವವರು. ಹೊದಿಕೆ ತೆಗೆದಾಗ ಮುದುಕಿಯ ಬಟ್ಟೆ ಹೊಲಸಾಗಿರುವುದು ಕಂಡಿತು. ಆ ಹುಡುಗಿಯ ಮುಖ ಬಿಳಿಚಿಕೊಂಡಿತು. ಬಾಯಿಗೆ ಕೈ ಅಡ್ಡ ಹಿಡಿದು ಓಡಿಬಂದು, ನಮ್ಮ ಮುಂದೆಯೇ ನಳದ ಹತ್ತಿರ ಬಗ್ಗಿ ವಾಂತಿ ಮಾಡಿಕೊಂಡಳು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಳಗೊಳಗೆ ತುಸು ಸಮಾಧಾನವೂ ಆಯಿತು ಎಂದರೆ ಸುಳ್ಳಲ್ಲ. ಕಲಿತ ದೇಶದವರಿಗೂ ಆಗುವುದಿಲ್ಲ ನೋಡು, ನಮ್ಮದೇನು ತಪ್ಪು?

ಆದರೆ ಹುಡುಗಿ ಮುಖ ತೊಳೆದುಕೊಂಡು ಮತ್ತೆ ಒಳಗೆ ಹೋದಳು. ಬಾಯಿ ಗದರಲಿಲ್ಲ, ನಗಲಿಲ್ಲ. ಅಷ್ಟು ಹೊತ್ತು ಮುದುಕಿಯ ಮೈಮೇಲೆ ಒಂದು ಹಳೆಯ ಸೀರೆ ಮುಚ್ಚಿ ಕಾದಿದ್ದರು. ಹುಡುಗಿಯ ಕೈ ಹಿಡಿದು, ಒಂದನ್ನು ಮುದುಕಿಯ ಭುಜದ ಮೇಲೆ, ಒಂದನ್ನು ಟೊಂಕದ ಮೇಲೆ ಇಡಿಸಿ, ಮಗ್ಗುಲಿಗೆ ಹೊರಳಿಸುವುದನ್ನು ತೋರಿಸಿದರು. ಎಳೆಯಬಾರದು, ಎತ್ತಿ ಹೊರಳಿಸಬೇಕು. ಒರೆಸಿದರು, ಒಣಗಿಸಿದರು. ಬೆನ್ನಿನ ಕೆಳಭಾಗದಲ್ಲಿ ಕೆಂಪಗಾದ ಜಾಗವನ್ನು ಬೆರಳಿನಿಂದ ಒತ್ತಿ ತೋರಿಸಿದರು. ಒತ್ತಿ ಬಿಟ್ಟರೆ ಬೆಳ್ಳಗಾಗಿ ಮತ್ತೆ ಕೆಂಪಾದರೆ ಚರ್ಮ ಇನ್ನೂ ಉಳಿದಿದೆ ಎಂದು ಅರ್ಥ. ಕೆಂಪು ಹಾಗೆಯೇ ನಿಂತರೆ ಹುಣ್ಣು ಆಗಲೇ ಶುರುವಾಗಿದೆ. ಮುದುಕಿಯ ಕಾಲಿನ ಮೀನಖಂಡದ ಕೆಳಗೆ ಸೀರೆ ಮಡಿಸಿ ಇಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿದರು. ಎಲ್ಲ ಮುಗಿಯಲು ಕಾಲು ಗಂಟೆ. ಮುದುಕಿ ಆ ಹುಡುಗಿಯ ಗಲ್ಲ ಮುಟ್ಟಿ ಏನೋ ಅಂದರು. ಭಾಷೆ ತಿಳಿಯದೆಯೂ ಅವಳಿಗೆ ಅದು ತಿಳಿಯಿತು.

ಮಧ್ಯಾಹ್ನ ಅವರಿಬ್ಬರೂ ವರಾಂಡಕ್ಕೆ ಬಂದು ಕುಳಿತರು. ನಮ್ಮ ಹರುಕು ಇಂಗ್ಲಿಷಿನಲ್ಲಿ ಹುಡುಗಿಯನ್ನು ಕೇಳಿದೆವು: ನಿಮ್ಮಲ್ಲಿ ಇಷ್ಟು ದೊಡ್ಡ ದೊಡ್ಡ ಆಸ್ಪತ್ರೆಗಳಿರುವಾಗ ಇಲ್ಲಿ ಬಂದು ಏನು ಸೇವೆ ಮಾಡುತ್ತೀರಿ? ಅವಳು ಸಂಕೋಚದಿಂದ ಹೇಳಿದಳು. ತಾನು ಇನ್ನೂ ವಿದ್ಯಾರ್ಥಿನಿ, ಇಲ್ಲಿನ ನೋಂದಣಿ ಇಲ್ಲದೆ ಇಂಜೆಕ್ಷನ್ ಕೊಡುವಂತಿಲ್ಲ, ಔಷಧ ಕೊಡುವಂತಿಲ್ಲ. ಬೆಳಿಗ್ಗೆ ತಂಡದ ಜೊತೆ ಹಳ್ಳಿಗೆ ಹೋಗಿ ಮಕ್ಕಳ ತೂಕ ಮಾಡುವುದು, ರಕ್ತದೊತ್ತಡ ನೋಡುವುದು, ಮಧ್ಯಾಹ್ನ ಬಾಯಿ ಹೇಳಿದ್ದನ್ನು ಮಾಡುವುದು, ಇಷ್ಟೇ. ತಮ್ಮಲ್ಲಿ ಇಂಥ ರೋಗಿಗೆ ತಾನೇ ಗಾಳಿ ತುಂಬಿ ಇಳಿಸುವ ಹಾಸಿಗೆ ಇರುತ್ತದೆ. ಹಳೆಯ ಸೀರೆಯಿಂದ ಅದೇ ಕೆಲಸ ಮಾಡಬಹುದು ಎಂದು ಇಲ್ಲಿಯೇ ಗೊತ್ತಾಯಿತು.

ಹೇಸಿಕೆ ಬರುವುದಿಲ್ಲವೇ ಎಂದು ಕೇಳಿಯೇಬಿಟ್ಟೆವು. "ಬರುತ್ತದೆ. ಮೊದಲ ದಿನ ಮೂರು ಸಲ ಹೊರಗೆ ಓಡಿದ್ದೆ. ಇವತ್ತು ಒಂದೇ ಸಲ" ಎಂದು ನಕ್ಕಳು.

ಇದನ್ನು ಮರಾಠಿಯಲ್ಲಿ ಬಾಯಿಗೆ ಹೇಳಿದೆವು. ಅವರೂ ನಕ್ಕರು. "ನನಗ ಏನ ಹುಟ್ಟತಾನ ಬಂದಿತ್ತೇನ್ರಿ ಶೇಠಜಿ? ಮೊದಲನೇ ಸಲ ಕುಷ್ಠದವ್ರ ಗಾಯ ತೊಳದಾಗ ಎರಡು ದಿನ ರೊಟ್ಟಿ ಸೇರಲಿಲ್ಲ. ಕೈ ಕಲತರ ಮೂಗು ಸುಮ್ಮಗಾಗತದ" ಎಂದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ ಆಗುತ್ತದೆ. ಆಮೇಲೆ ತಮ್ಮ ತಂಬಿಗೆಯಿಂದ ಹುಡುಗಿಗೆ ನೀರು ಕೊಟ್ಟು, ನಮ್ಮ ಕಡೆಗೂ ಚಾಚಿದರು. ನಮ್ಮದು ಸೋಸಿದ ನೀರು, ಜೊತೆಗೇ ಇದೆ ಎಂದು ಹೇಳಿ ತಪ್ಪಿಸಿಕೊಂಡೆವು. ಕಾರಣ ಅದೊಂದೇ ಆಗಿತ್ತೇ ಎಂದು ಇಂದಿಗೂ ಕೇಳಿಕೊಳ್ಳುತ್ತೇವೆ.

ಕೃತಕ ಕಾಲು ಮಾಡುವವರು ಮಾಮಾನ ಕಾಲು ನೋಡಿ, ಬಾವು ಇನ್ನೂ ಇಳಿದಿಲ್ಲ, ಈಗಲೇ ಅಳತೆ ತೆಗೆದರೆ ಮುಂದೆ ಸಡಿಲಾಗುತ್ತದೆ ಎಂದರು. ಇನ್ನೊಂದು ಎಂಟು ವಾರ ದಿನವೂ ಪಟ್ಟಿ ಕಟ್ಟಿ ಮೊಂಡು ಭಾಗಕ್ಕೆ ಆಕಾರ ತರಬೇಕು. ಕಟ್ಟುವುದನ್ನು ಕಲಿತು ಹೋಗಿರಿ. ಕಲಿಯಲು ಮಾಮಾನ ಹೆಂಡತಿ ಮುಂದೆ ಕುಳಿತರು, ಪಕ್ಕದಲ್ಲಿ ಆ ಹುಡುಗಿಯೂ ಬಂದು ಕುಳಿತಳು. ಸಾಬೂನಿನಿಂದ ತೊಳೆದು, ಪೂರ್ತಿ ಒಣಗಿಸಿ, ಎಂಟರ ಅಂಕಿಯಂತೆ ಓರೆಯಾಗಿ ಸುತ್ತಬೇಕು. ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ. ಹುಡುಗಿ ಕಟ್ಟಿದ್ದು ತಪ್ಪಾಯಿತು. ಬಿಚ್ಚಿಸಿದರು. ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿಸಿದರು. ಮೂರನೆಯ ಸಲ ಕಟ್ಟುವಾಗ ಪಟ್ಟಿಯ ಸುರುಳಿ ಜಾರಿ ಕೆಳಗೆ ಉರುಳಿತು. ಅವಳು ತಲೆಯೆತ್ತದೆ, ಹತ್ತಿರ ನಿಂತಿದ್ದ ನಮ್ಮ ಕಡೆಗೆ, ಇಲ್ಲಿ ಸ್ವಲ್ಪ ಹಿಡಿಯಿರಿ ಎಂದು ಸನ್ನೆ ಮಾಡಿದಳು.

ಹಿಡಿಯಬೇಕಾದದ್ದು ಮಾಮಾನ ಕಾಲನ್ನು. ಒಂದು ಕ್ಷಣ ನಾವಿಬ್ಬರೂ ನಿಂತಲ್ಲೇ ನಿಂತೆವು. ಮೂವತ್ತು ವರ್ಷ ಆ ಕಾಲು ನಮ್ಮ ಗೋದಾಮಿನಲ್ಲಿ ಹತ್ತಿ ಇಳಿದಿತ್ತು. ಅದನ್ನು ಕತ್ತರಿಸಿದ ಬಿಲ್ಲಿನ ಮೊತ್ತ ನಮಗೆ ಪೈಸೆ ಸಮೇತ ನೆನಪಿತ್ತು. ಕತ್ತರಿಸಿದ ಜಾಗವನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ಮಾಮಾ, "ಬ್ಯಾಡ್ರಿ ಮಾಲಕ್ರ, ನೀವ್ಯಾಕ..." ಎಂದು ಕಾಲು ಹಿಂದಕ್ಕೆ ಎಳೆದುಕೊಂಡರು. ನಮ್ಮಲ್ಲಿ ಅಂಗಡಿಯ ಗಾದಿಯ ಮೇಲೆ ಕೂರುವವರು ಕೆಳಗೆ ಕುಳಿತು, ಎರಡೂ ಕೈಯಿಂದ ಆ ಮೊಂಡುಗಾಲನ್ನು ಹಿಡಿದರು. ಬೆಚ್ಚಗಿತ್ತು. ಅಷ್ಟೇ. ಇದಕ್ಕೇ ನಾವು ಇಷ್ಟು ದಿನ ಅಂಜಿದ್ದೆವೇ ಎನಿಸಿತು.

ಆ ರಾತ್ರಿ ಉಳಿದುಕೊಂಡ ಮನೆಯಲ್ಲಿ ನಾವು ಲೆಕ್ಕ ಹಾಕಿದೆವು. ಲೆಕ್ಕ ಹಾಕದೆ ನಮಗೆ ನಿದ್ದೆ ಬರುವುದಿಲ್ಲ. ನಾಲ್ವರ ವಿಮಾನದ ಖರ್ಚನ್ನು ಇದೇ ಆಸ್ಪತ್ರೆಗೆ ಕಳಿಸಿದ್ದರೆ ಎಷ್ಟು ಜನರಿಗೆ ಕಾಲು ಆಗುತ್ತಿದ್ದವು? ಮೂರು ವಾರದಲ್ಲಿ ಈ ಹುಡುಗಿಯರಿಂದ ಹಳ್ಳಿಗೆ ಆದದ್ದೇನು? ಲೆಕ್ಕ ಅವರ ಪರವಾಗಿ ಬರಲಿಲ್ಲ, ಇದನ್ನು ಒಪ್ಪಬೇಕು. ದೂರದೇಶದಿಂದ ಬಂದು ಹದಿನೈದು ಇಪ್ಪತ್ತು ದಿನ ಇದ್ದು ಬಡವರನ್ನು ಉದ್ಧರಿಸಿದೆವು ಎಂದು ಹೇಳಿಕೊಂಡು ಹೋಗುವವರೂ ಇರಬಹುದು. ಆದರೆ ಜಾಮಖೇಡದಲ್ಲಿ ವ್ಯವಹಾರ ತಿರುಗುಮುರುಗಾಗಿತ್ತು. ಬಂದವರು ಕೊಡುವವರಲ್ಲ, ಪಡೆಯುವವರು. ಸಾಲೆಯ ಮುಖ ಕಾಣದ ಬಾಯಿ ಅವರಿಗೆ ಗುರು. ಕಲಿಯಲು ಬಂದಿದ್ದೇವೆ ಎಂದು ಅವರು ಒಪ್ಪಿಕೊಂಡಿದ್ದರಿಂದಲೇ ರೋಗಿಯ ಮುಂದೆ ತಲೆತಗ್ಗಿಸಿ ಕೂರಲು ಅವರಿಗೆ ಸಾಧ್ಯವಾಗಿತ್ತು. ನಾವು ಇಷ್ಟು ವರ್ಷ ಕೊಡುವವರಾಗಿ ಮಾತ್ರ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದೆವು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ. ರತ್ನತ್ರಯವನ್ನು ಧರಿಸಿದ ದೇಹ ರೋಗದಿಂದ ಹೊಲಸಾದರೂ ಹೇಸದಿರುವುದು. ಆಚಾರ್ಯ ಸಮಂತಭದ್ರರು ರತ್ನಕರಂಡ ಶ್ರಾವಕಾಚಾರದಲ್ಲಿ ಇದಕ್ಕೆ ಉದ್ದಾಯನ ರಾಜನ ಹೆಸರು ಹೇಳಿದ್ದಾರೆ. ಕಥೆ ತಮಗೆಲ್ಲ ಗೊತ್ತಿರುವುದೇ. ಪರೀಕ್ಷಿಸಲು ಬಂದ ದೇವನು ರೋಗಿಷ್ಠ ಮುನಿಯ ವೇಷದಲ್ಲಿ ಆಹಾರ ಸ್ವೀಕರಿಸಿ ವಾಂತಿ ಮಾಡುತ್ತಾನೆ. ದುರ್ವಾಸನೆಗೆ ಸೇವಕರೆಲ್ಲ ಓಡಿಹೋಗುತ್ತಾರೆ. ರಾಜನೂ ರಾಣಿ ಪ್ರಭಾವತಿಯೂ ಉಳಿದು, ತಮ್ಮ ಕೈಯಿಂದಲೇ ತೊಳೆಯುತ್ತಾರೆ. ಈ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿ ತಲೆಯಾಡಿಸಿದ್ದೇವೆ. ಅದು ರಾಜನ ದೊಡ್ಡ ಗುಣ, ನಮ್ಮಂಥವರಿಗೆ ಎಲ್ಲಿಯದು ಎಂದು ಕೈಮುಗಿದು ಎದ್ದಿದ್ದೇವೆ. ನಮ್ಮ ಮನೆಯಿಂದಲೂ ನಾಲ್ಕು ಆಯಾಗಳು ಓಡಿಹೋಗಿದ್ದರು. ಅವರ ಹಿಂದೆ ನಾವೂ ಓಡಿದ್ದೆವು ಎಂಬುದು ಆ ರಾತ್ರಿ ಹೊಳೆಯಿತು. ಹೇಸದಿರುವುದು ಹುಟ್ಟಿನಿಂದ ಬರುವ ಗುಣ ಎಂದುಕೊಂಡಿದ್ದೆವು. ಅದು ಕಲಿಯಬೇಕಾದ ಕೆಲಸ. ಆ ಹುಡುಗಿ ಸಮುದ್ರ ದಾಟಿ ಬಂದು ಅದನ್ನು ಕಲಿಯುತ್ತಿದ್ದಳು. ನಮಗೆ ಒಂದು ಬಾಗಿಲು ದಾಟುವುದಾಗಿರಲಿಲ್ಲ.

ಸೊಲ್ಲಾಪುರಕ್ಕೆ ಬಂದ ಮರುದಿನ ಬೆಳಿಗ್ಗೆ ಆಯಾಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ನಾವೇ ಆಯಿಯ ಬಟ್ಟೆ ಬದಲಿಸಲು ಹೋದೆವು. ಸೊಸೆಯಾದವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಗನಾದವರು ಭುಜಕ್ಕೆ, ಟೊಂಕಕ್ಕೆ ಕೈಕೊಟ್ಟರು. ಮಗನ ಕೈ ಎಂದು ತಿಳಿದು ಆಯಿ ಗೋಡೆಯ ಕಡೆ ಮುಖ ತಿರುಗಿಸಿದರು, ಕಣ್ಣಲ್ಲಿ ನೀರು. ಬಾಯಿ ಮಾಡಿದಂತೆ ಮೈಮೇಲೆ ಒಂದು ಸೀರೆ ಮುಚ್ಚಿದೆವು. ಮುಗಿದ ಮೇಲೆ ಮಗನಾದವರು ಹಿತ್ತಲಿಗೆ ಹೋಗಿ ಮೋರಿಯ ಹತ್ತಿರ ವಾಂತಿ ಮಾಡಿಕೊಂಡರು. ಮುಖ ತೊಳೆದುಕೊಂಡು ಮತ್ತೆ ಒಳಗೆ ಬಂದರು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಏನೂ ಅನ್ನಲಿಲ್ಲ.

ಮನೆಯಲ್ಲಿ ಮಲಗಿದ ಹಿರಿಯರಿರುವ ಕುಟುಂಬಗಳಿಗೆ ಉಪಯೋಗವಾದೀತೆಂದು ನಾವು ಕಲಿತದ್ದನ್ನು ಇಲ್ಲಿ ಹೇಳುತ್ತೇವೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ ಸಹ. ಎಳೆಯಬಾರದು, ಎತ್ತಿ ಸರಿಸಬೇಕು. ಹಾಸಿಗೆಯಲ್ಲಿ ಸುಕ್ಕು, ಹಸಿ ಇರಬಾರದು. ಟೊಂಕ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಹೆಗಲ ಹಿಂದಿನ ಎಲುಬು, ತಲೆಯ ಹಿಂಭಾಗ, ಇವ�ನ್ನು ದಿನವೂ ಬೆಳಕಿನಲ್ಲಿ ನೋಡಬೇಕು. ಕೆಂಪಾದ ಜಾಗವನ್ನು ತಿಕ್ಕಬಾರದು. ಬೇಳೆ, ಹಾಲು, ಮೊಸರು ಊಟದಲ್ಲಿ ಸಾಕಷ್ಟಿರಬೇಕು, ಇಲ್ಲವಾದರೆ ಗಾಯ ಮಾಯುವುದಿಲ್ಲ. ಹುಣ್ಣು ಆಗಿದ್ದರೆ ಮನೆಮದ್ದು ಹಚ್ಚದೆ ಡಾಕ್ಟರಿಗೆ ತೋರಿಸಬೇಕು. ಇದರಲ್ಲಿ ದೊಡ್ಡ ಖರ್ಚಿನದು ಯಾವುದೂ ಇಲ್ಲ.

ಆಯಿಯ ಹುಣ್ಣು ಡಾಕ್ಟರರ ಡ್ರೆಸಿಂಗಿನೊಡನೆ ಮೂರು ತಿಂಗಳಲ್ಲಿ ಮಾಯಿತು. ಮಾರ್ಚ್ ಕೊನೆಗೆ ಮಾಮಾನನ್ನು ಮತ್ತೆ ಜಾಮಖೇಡಕ್ಕೆ ಕರೆದೊಯ್ದೆವು. ಹೊಸ ಕಾಲು ಹಾಕಿಕೊಂಡು ಎರಡು ಕಂಬಿ ಹಿಡಿದು ನಡೆದರು. ಈಗ ಚೀಲ ಹೊರುವುದಿಲ್ಲ, ಅಂಗಡಿಯಲ್ಲಿ ತೂಕದ ಹತ್ತಿರ ಕೂರುತ್ತಾರೆ. ಆ ಹುಡುಗಿಯರು ಅಷ್ಟರಲ್ಲಿ ತಮ್ಮ ದೇಶಕ್ಕೆ ಹೋಗಿದ್ದರು. ಬಾಯಿ ಇದ್ದರು. ಅವರು ಚಾಚಿದ ತಂಬಿಗೆಯನ್ನು ಆ ಸಲ ಎರಡೂ ಕೈಯಿಂದ ತೆಗೆದುಕೊಂಡು, ನಮ್ಮ ಅರಿವೆಯಲ್ಲಿ ಸೋಸಿ ಕುಡಿದೆವು. ಅವರು ನೋಡಿ ನಕ್ಕು, "ಸೋಸಿದ್ದು ಛಲೋ ಆತು, ನಾನೂ ಹಳ್ಯಾಗ ಅದನ್ನ ಹೇಳತೀನಿ" ಎಂದರು.

2019ರ ಚಳಿಗಾಲದಲ್ಲಿ ಆಯಿ ಪಂಚನಮಸ್ಕಾರ ಮಂತ್ರ ಕೇಳುತ್ತ ತೀರಿಕೊಂಡರು. ಕೊನೆಯ ಸ್ನಾನ ಮಾಡಿಸುವಾಗ ಬೆನ್ನು ನೋಡಿದೆವು. ಒಂದು ಗಾಯವೂ ಇರಲಿಲ್ಲ.

ಮಗಳು 2018ರಲ್ಲಿಯೇ ನರ್ಸಿಂಗ್ ಕಾಲೇಜು ಸೇರಿದ್ದಳು. ಫಾರ್ಮಿನ ಮೇಲೆ ಪಾಲಕರ ಸಹಿ ನಾವಿಬ್ಬರೂ ಮಾಡಿದೆವು. ನಂಟರು ಅಂದದ್ದನ್ನೆಲ್ಲ ಬರೆದರೆ ಪುಟ ಸಾಲದು. ನರ್ಸ್ ಎಂದು ತಿಳಿದು ಒಂದು ಸಂಬಂಧ ಮಾತಿನಲ್ಲೇ ನಿಂತಿತು. 2021ರಲ್ಲಿ ಕೊರೋನಾದ ಎರಡನೆಯ ಅಲೆ ಬಂದಾಗ ಅವಳು ಮೂರನೆಯ ವರ್ಷದಲ್ಲಿದ್ದಳು. ಕಾಲೇಜಿನ ಆಸ್ಪತ್ರೆಯಲ್ಲಿ ವಿದ್ಯಾರ್ಥಿನಿಯರೂ ಸರದಿಯ ಮೇಲೆ ನಿಂತರು. ವಾಪಸು ಕರೆಸಿಕೊಳ್ಳಿ ಎಂದು ಎಲ್ಲರೂ ಹೇಳಿದರು. ನಾವೂ ಒಂದು ರಾತ್ರಿ ಫೋನ್ ಕೈಯಲ್ಲಿ ಹಿಡಿದು ಬೆಳಗಿನ ತನಕ ಕುಳಿತಿದ್ದೆವು. ಮಾಡಲಿಲ್ಲ. ಇನ್ನೊಬ್ಬರ ಆಯಿಯ ಹಾಸಿಗೆಯ ಪಕ್ಕದಿಂದ ಅವಳನ್ನು ಎಬ್ಬಿಸಿ ತರುವ ಹಕ್ಕು ನಮಗಿದೆ ಎನಿಸಲಿಲ್ಲ. 2022ರಲ್ಲಿ ಪದವಿ ಮುಗಿಸಿದಳು, ಈಗ ಕೆಲಸದಲ್ಲಿದ್ದಾಳೆ.

ಆಯಿಯ ಹೆಸರಿನಲ್ಲಿ ಫಲಕ ಹಾಕಿಸಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಗಾಳಿಯ ಹಾಸಿಗೆ, ಮೂರು ವಾಕರ್, ಒಂದು ಗಾಲಿಕುರ್ಚಿ, ಕಮೋಡ್ ಕುರ್ಚಿ ಇಟ್ಟಿದ್ದೇವೆ. ಜಾತಿ ಕೇಳುವುದಿಲ್ಲ, ಬೇಕಾದವರು ಒಯ್ಯಬಹುದು, ಕೆಲಸ ಮುಗಿದ ಮೇಲೆ ತಂದುಕೊಡಬೇಕು. ಬಾಡಿಗೆಯಿಲ್ಲ, ಠೇವಣಿಯಿಲ್ಲ. ಕರಾರು ಒಂದೇ. ಒಯ್ಯಲು ಆಳನ್ನು ಕಳಿಸಬಾರದು. ಮನೆಯ ಮಗನೋ ಮಗಳೋ ಸೊಸೆಯೋ ತಾವೇ ಬಂದು, ಭಾನುವಾರ ಮಗಳು ಮನೆಯಲ್ಲಿರುವಾಗ ಒಂದು ತಾಸು ಕುಳಿತು, ಹೊರಳಿಸುವುದನ್ನು ಕಲಿತು ಒಯ್ಯಬೇಕು.

ಬಂದವರಲ್ಲಿ ಹೆಚ್ಚಿನವರು ಮೊದಲು ಹೇಳುವುದು ಒಂದೇ ಮಾತು: ನಮ್ಮಿಂದ ಇದೆಲ್ಲ ಆಗೂದಿಲ್ರಿ. ನಾವು ಅವರಿಗೆ ನಳದ ಹತ್ತಿರ ಬಗ್ಗಿದ್ದ ಆ ಹುಡುಗಿಯ ಕಥೆ ಹೇಳುತ್ತೇವೆ. ಆಮೇಲೆ ನಮ್ಮ ಮೋರಿಯ ಕಥೆ ಹೇಳುತ್ತೇವೆ. ಅವರು ನಗುತ್ತಾರೆ. ನಕ್ಕ ಮೇಲೆ ಕಲಿಯುವುದು ಸುಲಭ.